ವಾರೆಮೇಸ್ತ್ರಿಯ ಚೀಲ

"ಕೋಟು ಕೂರ್ತಾನೇ ಇಲ್ಲ ಕಣ್ರೋ," ಎಂದು ಟೈಲರ್ ಹಣೆಯ ಬೆವರು ಒರೆಸಿಕೊಂಡ. ಎಡಭುಜ ಎಳೆದರೆ ಬಲಭುಜದಲ್ಲಿ ಸುಕ್ಕು. ಬಲಭುಜ ಸರಿಮಾಡಿದರೆ ಎಡಗಡೆಯ ಕಾಲರು ಹೆಣದ ಕಿವಿ ಮುಟ್ಟುತ್ತಿತ್ತು.

"ಬದುಕಿದ್ದಾಗ್ಲೇ ಕೂರದ್ದು ಈಗ ಕೂರತ್ತಾ?" ಎಂದ ಬಡಗಿ. "ಸುಮ್ನೆ ವಾರೆಮೇಸ್ತ್ರಿ ಅಂತಿದ್ವಾ ಅವನ್ನ?"

ಎಲ್ಲರೂ ನಕ್ಕರು. ನಕ್ಕಿದ್ದಕ್ಕೆ ನಾಚಿಕೊಂಡು ನೆಲ ನೋಡಿದರು.

ಮಗಳು ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಅಪ್ಪನ ಬಲಭುಜ ಬಿಟ್ಟು ಕದಲುತ್ತಿರಲಿಲ್ಲ. ಜೀವಮಾನವೆಲ್ಲ ನಲ್ಲಿ, ಪೈಪು, ತೊಟ್ಟಿ ಅಂತ ಚರ್ಮದ ಚೀಲ ನೇತುಹಾಕಿಕೊಂಡು ತಿರುಗಿದ ಭುಜ. ಮೈ ಒರೆಸುವಾಗ ಅವಳು ಅದನ್ನು ಮೊದಲ ಸಲ ಅಂಗಿಯ ಮರೆಯಿಲ್ಲದೆ ನೋಡಿದ್ದಳು. ಹಗ್ಗ ಉಜ್ಜಿ ಉಜ್ಜಿ ಬಾವಿಯ ಕಲ್ಲು ಸವೆಯುತ್ತದಲ್ಲ, ಹಾಗೆ ಅಲ್ಲೊಂದು ಹಳ್ಳ. ಬೆರಳಿಟ್ಟರೆ ಬೆರಳು ಕೂರುವಷ್ಟು.

ದೊಡ್ಡಪ್ಪ ಮಂಚದ ಕೆಳಗೆ ಬಗ್ಗಿ ಒಂದು ಗಂಟನ್ನು ಎಳೆದ. ಹಳೆಯ ರೇನ್‌ಕೋಟಿನಲ್ಲಿ ಸುತ್ತಿ ಹಗ್ಗ ಬಿಗಿದಿತ್ತು.

"ಇದು ಅವನ ಚೀಲ. ಅವನ ಜೊತೇನೇ ಮಣ್ಣಿಗೆ ಹೋಗ್ಲಿ," ಎಂದ. "ಹೆಂಡ್ತಿಗಿಂತ ಜಾಸ್ತಿ ಇದನ್ನೇ ತಬ್ಕೊಂಡಿದ್ದ."

"ಮತ್ತಿನ್ನೇನು," ಎಂದಳು ಅಮ್ಮ ಗೋಡೆಗೆ ಒರಗಿದಲ್ಲಿಂದಲೇ. "ನನ್ನ ಹೆಗಲ ಮೇಲೆ ಒಂದಿನ ಕೈ ಹಾಕ್ದೋನಲ್ಲ. ಆ ಚೀಲಕ್ಕೆ ಮಾತ್ರ ತನ್ನ ಹೆಗಲು ಬರೆದುಕೊಟ್ಟಿದ್ದ."

ದೊಡ್ಡಪ್ಪ ಮಗಳ ಕಡೆ ತಿರುಗಿದ. "ನೀನೂ ಅದೇ ಕಸುಬಿನೋಳು. ಬೇಕಿದ್ರೆ ಈಗ್ಲೇ ಹೇಳಮ್ಮ. ಮಣ್ಣು ಬಿದ್ಮೇಲೆ ಕೇಳಿದ್ರೆ ನಾನಂತೂ ಅಗೆಯಲ್ಲ."

ಬೇಕು ಅನ್ನುವ ಮಾತು ಅವಳ ಗಂಟಲವರೆಗೆ ಬಂತು.

"ಕೊಡೋ ಮನಸ್ಸಿದ್ದಿದ್ರೆ ಅಪ್ಪನೇ ಕೊಡ್ತಿದ್ದ," ಎಂದಳು. "ತಗೊಂಡು ಹೋಗ್ಲಿ."

*

ಕೆಲಸ ಕಲಿಸಿದವನು ಅಪ್ಪನೇ. ಒಬ್ಬಳೇ ಕೆಲಸಕ್ಕೆ ಹೋಗಲು ಶುರುಮಾಡಿದಾಗ ಅವಳು ಬಣ್ಣದ ಖಾಲಿ ಬಕೆಟ್ಟಿನಲ್ಲಿ ಹತ್ಯಾರು ತುಂಬಿಕೊಂಡು ಹೋಗುತ್ತಿದ್ದಳು. ಅದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ಬಕೆಟ್ ಹಿಡ್ಕೊಂಡು ಬಾಗಿಲು ತಟ್ಟಿದ್ರೆ ಹಾಲು ಕರೆಯೋಕೆ ಬಂದಳು ಅಂತಾರೆ. ನಡಿ ಅಂಗಡಿಗೆ."

ಅಂಗಡಿಯಲ್ಲಿ ಅವನು ಒಂದೊಂದು ಚೀಲಕ್ಕೂ ತನ್ನ ಹತ್ಯಾರೆಲ್ಲ ಸುರಿದ. ಅವಳ ಹೆಗಲಿಗೆ ಹಾಕಿದ. ಅಟ್ಟದ ಮೆಟ್ಟಿಲು ಹತ್ತಿಸಿದ, ಇಳಿಸಿದ. ಇಳಿದ ಕೂಡಲೇ ಚೀಲ ತೆಗೆದು ಅವಳ ಭುಜವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೇಡ," ಎನ್ನುತ್ತಿದ್ದ. ಕೆಂಪಾಗಿದ್ದನ್ನು ನೋಡಿ ತನ್ನನ್ನು ಕೈಲಾಗದವಳು ಅಂದುಕೊಳ್ಳುತ್ತಿದ್ದಾನೆ ಎಂದು ಅವಳಿಗೆ ರೇಗಿತು.

ಜೇಬುಗಳೇ ತುಂಬಿದ್ದ ಕ್ಯಾನ್ವಾಸ್ ಚೀಲ ಕೊಟ್ಟರೆ, "ಇದು ಚೀಲ ಅಲ್ಲ, ಔಷಧಿ ಅಂಗಡಿ. ಕತ್ತಲೆ ತೊಟ್ಟೀಲಿ ನಿಂತ್ಕೊಂಡು ಯಾವ ಜೇಬಲ್ಲಿ ಏನಿದೆ ಅಂತ ತಡಕಾಡ್ತೀಯಾ?" ಎಂದ.

ಹಿಡಿಯಿರುವ ಪ್ಲಾಸ್ಟಿಕ್ ಪೆಟ್ಟಿಗೆ ತೋರಿಸಿದರೆ, "ಒಂದು ಕೈ ಏಣಿಗೆ, ಒಂದು ಕೈ ಪೆಟ್ಟಿಗೆಗೆ. ಕೆಲಸಕ್ಕೆ ಮೂರನೇ ಕೈನ ನಿಮ್ಮಪ್ಪ ತಂದುಕೊಡ್ತಾನಾ?" ಎಂದ, ತಾನೇ ಅವಳ ಅಪ್ಪ ಅನ್ನುವುದನ್ನು ಮರೆತು.

ಗಾಲಿಯ ಚೀಲವನ್ನಂತೂ ಕಾಲಲ್ಲೇ ಸರಿಸಿದ.

"ಮೇಸ್ತ್ರಿ," ಎಂದ ಅಂಗಡಿಯವನು ಸೋತು, "ನೀವು ಚೀಲ ಹುಡುಕ್ತಿದೀರೋ, ಅಳಿಯನ್ನ ಹುಡುಕ್ತಿದೀರೋ?"

ಮಗಳ ತಾಳ್ಮೆ ಹರಿಯಿತು. "ಯಾವುದೂ ಆಗಲ್ಲ ಅಂದ್ರೆ ನಿನ್ನ ಚೀಲಾನೇ ಕೊಡಪ್ಪ. ಈ ಕೆಮ್ಮು ಇಟ್ಕೊಂಡು ನೀನಂತೂ ಇನ್ನು ಏಣಿ ಹತ್ತೋ ಹಾಗಿಲ್ಲ."

ಅವನ ಮುಖ ಕಲ್ಲಾಯಿತು. "ಅದನ್ನ ಹೆಗಲಿಗೆ ಹಾಕಿದ್ರೆ ಕೈ ಮುರೀತೀನಿ."

ಪರರ ಎದುರಲ್ಲಿ ಆಡಿದ ಮಾತು. ಅವಳು ಬಕೆಟ್ ಎತ್ತಿಕೊಂಡು ಹೊರಬಿದ್ದಳು. ಆಮೇಲೆ ಅವರಿಬ್ಬರ ನಡುವೆ "ಊಟ ಆಯ್ತಾ", "ಮಾತ್ರೆ ತಗೊಂಡ್ಯಾ" ಬಿಟ್ಟರೆ ಬೇರೆ ಮಾತು ಹುಟ್ಟಲಿಲ್ಲ. ಅಪ್ಪ ಸಾಯುವವರೆಗೂ ಹುಟ್ಟಲಿಲ್ಲ.

*

ದಾರಿಯ ಮಧ್ಯೆ ಹೆಗಲು ಬದಲಿಸಲು ಮರದ ನೆರಳಲ್ಲಿ ಚಟ್ಟ ಇಳಿಸಿದರು. ಗಂಟು ಹೆಣದ ಕಾಲ ಬಳಿ ಕೂತಿತ್ತು.

"ಹೋಗ್ತಾನೂ ಬಲಕ್ಕೇ ವಾಲ್ತಾನಲ್ರೋ," ಎಂದು ಬಡಗಿ ತನ್ನ ಹೆಗಲು ನೀವಿಕೊಂಡ. "ಇವನಿಗೆ ಚೀಲದ ಹುಚ್ಚು ಹಿಡಿದಿತ್ತು ಕಣ್ರೀ ಕಡೇಲಿ. ಮೊನ್ನೆಮೊನ್ನೆ ನನ್ನ ಹತ್ಯಾರೆಲ್ಲ ರಸ್ತೇಲಿ ಸುರಿದು, ಚೀಲ ಒಳಗ್ಹೊರಗು ಮಾಡಿ ತಳದ ಹೊಲಿಗೆ ನೋಡ್ತಾ ಕೂತಿದ್ದ. ತಲೆ ಕೆಟ್ಟಿದೆ ಅಂತ ಸುಮ್ನಾದೆ."

"ನಿಂದು ಪರವಾಗಿಲ್ಲ," ಎಂದ ಅಂಚೆಯವನು. "ನನ್ನ ಚೀಲ ಕಿತ್ಕೊಂಡು ಬೀದಿ ಕೊನೇವರೆಗೂ ಓಡಿದ! ಊರೋರ ಕಾಗದ ಎಲ್ಲ ಒಳಗೇ ಇತ್ತು. ನಾನು ಹಿಂದೆ ಓಡ್ತಾ ಇದೀನಿ, ಜನ ಕಳ್ಳ ಕಳ್ಳ ಅಂತಿದಾರೆ. ಕೆಮ್ಮಿಕೊಂಡು ವಾಪಸ್ ಬಂದು, 'ಇದೂ ಒಂದೇ ಕಡೆ ಜಗ್ಗತ್ತೆ' ಅಂತ ಬೈದು ಕೊಟ್ಟ."

ಮಗಳು ತಲೆಯೆತ್ತಿದಳು. "ಯಾಕಂತೆ?"

"ಯಾಕೆ ಅಂತ ಕೇಳಿದ್ರೆ ಹೇಳೋ ಜಾತೀನಾ ನಿಮ್ಮಪ್ಪ?"

ಟೈಲರ್ ಬೀಡಿ ಆರಿಸಿದ. "ನನ್ನ ಹತ್ರ ದಬ್ಬಣ, ಮೇಣದ ದಾರ ಇಸ್ಕೊಂಡ. ಏನಿದ್ರೂ ನಾನೇ ಹೊಲಿದು ಕೊಡ್ತೀನಿ ಮಾರಾಯ ಅಂದ್ರೆ, 'ನೀನು ಹೊಲಿದ ಕೋಟು ನೋಡಿದೀನಿ, ಬಿಡು' ಅಂದ. ಆಮೇಲೆ ನಿನ್ನ ಅಳತೆ ಕೇಳಿದ ಕಣಮ್ಮ."

"ನನ್ನದಾ?"

"ನಿಂದೇ. ಎರಡು ಹೆಗಲಿನ ಮಧ್ಯೆ ಎಷ್ಟು, ಹೆಗಲಿಂದ ಸೊಂಟಕ್ಕೆ ಎಷ್ಟು ಅಂತ. ಮದುವೆಗೆ ಬಟ್ಟೆ ಹೊಲಿಸ್ತಾನೇನೋ ಅಂದ್ಕೊಂಡೆ."

ಅವಳು ಗಂಟಿನ ಕಡೆ ನೋಡಿದಳು. ದೊಡ್ಡಪ್ಪ, "ಏಳಿ, ಬಿಸಿಲು ಏರ್ತಿದೆ," ಎಂದ. ನಾಲ್ವರು ಹೆಗಲು ಕೊಟ್ಟರು.

*

ಗುಂಡಿಯ ಪಕ್ಕ ದೇಹವನ್ನು ಇಳಿಸಿ, ದೊಡ್ಡಪ್ಪ ಗಂಟಿಗೆ ಕೈಹಾಕಿದ.

"ನಿಲ್ಲಿ ದೊಡ್ಡಪ್ಪ. ಅದನ್ನ ಬಿಚ್ಚಬೇಕು."

"ಈಗ್ಯಾಕಮ್ಮ? ಆಗ್ಲೇ ಕೇಳ್ಲಿಲ್ವಾ?"

"ಆಗ ನಂಗೆ ಗೊತ್ತಿರ್ಲಿಲ್ಲ."

"ಈಗೇನು ಗೊತ್ತಾಯ್ತು?"

"ಗೊತ್ತಿಲ್ಲ. ಅದಕ್ಕೇ ಬಿಚ್ಚಬೇಕು."

ಹಗ್ಗದ ಗಂಟು ಅಪ್ಪ ಹಾಕುವಂಥದ್ದೇ. ಒಂದು ತುದಿ ಜಗ್ಗಿದರೆ ಸಾಕು, ಸರ್ರನೆ ಬಿಚ್ಚಿಕೊಂಡಿತು. ರೇನ್‌ಕೋಟಿನೊಳಗೆ ಇದ್ದದ್ದು ಅದೇ ಹಳೆಯ ಚೀಲ. ಅಲ್ಲ, ಅದೇ ಅಲ್ಲ. ತಳಕ್ಕೆ ಹೊಸ ಚರ್ಮ, ಬಡಗಿಯ ಚೀಲದಲ್ಲಿ ಇರುವಂಥ ಜೋಡಿ ಹೊಲಿಗೆ. ಬಾಯಿಗೆ ಅಂಚೆಚೀಲದಂಥ ಅಗಲದ ಮುಚ್ಚಳ. ಒಂದೇ ಹೆಗಲ ಪಟ್ಟಿ ಇದ್ದ ಜಾಗದಲ್ಲಿ, ಬೆನ್ನಿಗೆ ಹಾಕಿಕೊಳ್ಳುವಂತೆ ಎರಡು ಪಟ್ಟಿಗಳು. ಹೊಲಿಗೆ ಸೊಟ್ಟಸೊಟ್ಟ, ಕೋಳಿ ಕೆದರಿದಂತಿತ್ತು. ಎಡಪಟ್ಟಿಯ ಕೆಳತುದಿ ಅರ್ಧವೇ ಹೊಲಿದಿತ್ತು. ದಬ್ಬಣ ಚರ್ಮದಲ್ಲೇ ಚುಚ್ಚಿಕೊಂಡಿತ್ತು, ದಾರ ಜೋತುಬಿದ್ದಿತ್ತು.

ಒಳಗೆ ಹತ್ಯಾರುಗಳು ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದವು. ಅವುಗಳ ಮೇಲೆ, ಬಿಚ್ಚಿ ತೆಗೆದ ಹಳೆಯ ಪಟ್ಟಿ ಸುರುಳಿ ಸುತ್ತಿಕೊಂಡಿತ್ತು.

ಅವಳು ಎರಡು ತೋಳುಗಳನ್ನೂ ತೂರಿಸಿ ಎದ್ದು ನಿಂತಳು. ಅರ್ಧ ಹೊಲಿದ ತುದಿ ಕಿತ್ತುಬರದಂತೆ ಎಡಗೈಯಲ್ಲಿ ಹಿಡಿದುಕೊಂಡಳು.

"ಅಳತೆ ನಾನು ಕೊಟ್ಟಿದ್ದೇ," ಎಂದ ಟೈಲರ್, ಮೂಗೊರೆಸಿಕೊಂಡು.

"ಹೊಲಿಗೆ ನಿಂದಲ್ಲ, ಅದಕ್ಕೇ ಕೂತಿದೆ," ಎಂದ ಬಡಗಿ. ಅವನ ದನಿಯೂ ನೆಟ್ಟಗಿರಲಿಲ್ಲ.

ದೊಡ್ಡಪ್ಪ ಬರಿಗೈ ನೋಡಿಕೊಂಡ. "ಹಾಗಾದ್ರೆ ಅವನ ಜೊತೆ ಏನಮ್ಮ ಕಳಿಸೋದು?"

ಅವಳು ಚೀಲ ಇಳಿಸಿ, ಹಳೆಯ ಪಟ್ಟಿಯ ಸುರುಳಿ ಬಿಡಿಸಿದಳು. ಬೆವರು ಕುಡಿದು ಕಪ್ಪಾಗಿದ್ದ ಚರ್ಮ. ಮಂಡಿಯೂರಿ, ಅದನ್ನು ಅಪ್ಪನ ಬಲಭುಜದ ಮೇಲಿಂದ ಎದೆಗೆ ಅಡ್ಡಲಾಗಿ ಹಾಸಿದಳು. ಕೋಟಿನ ಸುಕ್ಕು ಅದರಡಿಯಲ್ಲಿ ಅಡಗಿತು.

ಗುಂಡಿಗೆ ಇಳಿಸುವಾಗ ದೇಹ ಎಂದಿನಂತೆ ಬಲಕ್ಕೆ ವಾಲಿತು. ಪಟ್ಟಿ ಜಾರಲಿಲ್ಲ.