ಬೆಚ್ಚಗಿದ್ದ ಕಲ್ಲು

ಏಳನೇ ಕ್ಲಾಸಿಗೇ ಓದಿಗೆ ಮಂಗಳ ಹಾಡಿದ ಮಹಾನುಭಾವ ಇವನೇ ನೋಡಿ, ಕಣ್ತುಂಬ ನೋಡ್ಕೊಳ್ಳಿ, ಅಂದರು ಮೇಷ್ಟ್ರು, ಹನ್ನೊಂದು ತಲೆ ಒಟ್ಟಿಗೆ ನನ್ನ ಕಡೆ ತಿರುಗಿದವು, ಯಾರೋ ಕಿಸಕ್ಕೆಂದರು, ಹನ್ನೆರಡನೆಯ ತಲೆ ತಿರುಗಲಿಲ್ಲ, ಅದು ನನ್ನ ತಂಗಿಯದು — ನಾನು ಕಿಟಕಿ ಹತ್ತಿರ ಸ್ಟೂಲಿನ ಮೇಲೆ, ಕೈಯಲ್ಲಿ ಉಳಿ, ಚೌಕಟ್ಟಿಗೆ ಅಂಟಿದ, ಗಾಜು ಹಿಡಿದಿಡೋ ಹಳೇ ಪುಟ್ಟಿ ಕೆರೆಯುತ್ತಾ, ಕೆರೆಯೋದು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಾತು ನಾಟಿತು ಅಂತ ಗೊತ್ತಾಗುತ್ತೆ. ಗಾಜು ಹಾಕೋಕೆ ಬಂದವನು ಎಷ್ಟು ಓದಿದಾನೆ ಅಂತ ಇವರಿಗೆ ಹೇಗೆ ಗೊತ್ತು, ಯಾರು ಹೇಳಿದ್ದು, ಏನೇನು ಹೇಳಿದ್ದು. ನಿನ್ನೆ ನಮ್ಮ ಗಾಜಿನ ಅಂಗಡಿಗೆ ಫೋನ್ ಬಂದಿತ್ತು, ಕಾಲೇಜಿಗೆ ಅರ್ಜಿ ಹಾಕೋ ಮಕ್ಕಳಿಗೆ ಪ್ರಬಂಧ ಬರೆಸೋ ಟ್ಯೂಷನ್ ಕೋಣೆ, ಕಿಟಕಿ ಒಡೆದಿದೆ, ಬೇಗ ಬನ್ನಿ ಅಂತ. ತಂಗಿ ಪಕ್ಕದಲ್ಲೇ ಇದ್ದವಳು ಕತ್ತೆತ್ತಿ, ಅಣ್ಣ, ನೀನು ಬರಬೇಡ, ಅಪ್ಪನ್ನ ಕಳಿಸು, ಅಂದಳು. ಅಪ್ಪನಿಗೆ ಸೊಂಟ ಹಿಡಿದು ತಿಂಗಳಾಯ್ತು, ಸ್ಟೂಲ್ ಹತ್ತೋದಿರಲಿ ಚಪ್ಪಲಿ ಹಾಕೋಕೂ ಆಗಲ್ಲ, ಗೊತ್ತಿದ್ದೂ ಅಂದಳು. ಆಗಲೇ ನನ್ನ ಮೂಗಿಗೆ ವಾಸನೆ ಹೊಡೀಬೇಕಿತ್ತು. ಮೂರು ವಾರದಿಂದ ಒಂದೇ ಸಮ ಪ್ರಶ್ನೆ — ಅಣ್ಣ, ಕೋಪ ಬಂದಾಗ ನಿನಗೆ ಮೊದಲು ಏನಾಗುತ್ತೆ, ಕಿವಿ ಬಿಸಿಯಾಗುತ್ತಾ, ಅಣ್ಣ, ಶಾಲೆ ಬಿಟ್ಟ ಮಾರನೇ ದಿನ ಬೆಳಿಗ್ಗೆ ಎದ್ದು ಏನ್ ಮಾಡಿದೆ — ನಾನು ಉಬ್ಬಿಹೋದೆ, ಯಾರೂ ಕೇಳದ್ದನ್ನ ತಂಗಿ ಕೇಳ್ತಿದಾಳೆ ಅಂತ, ಕೋಪ ಬಂದಾಗ ಹಲ್ಲು ಜುಮ್ಮೆನ್ನುತ್ತೆ ಅಂತೆಲ್ಲ ಹೇಳಿದೆ, ದಡ್ಡ, ಶುದ್ಧ ದಡ್ಡ. ನಾನು ಕೋಣೆಗೆ ಹೋದರೆ ಸಾಕು, ಬರೀತಿದ್ದ ಹಾಳೆ ದಿಂಬಿನ ಕೆಳಗೆ. ಯಾವನೋ ಹುಡುಗನ ಕಾಗದ ಇರಬೇಕು ಅಂದುಕೊಂಡು ಎರಡು ದಿನ ಬಸ್ ಸ್ಟಾಪಿನವರೆಗೂ ಕಳ್ಳನ ಹಾಗೆ ಅವಳ ಹಿಂದೆ ಹೋದೆ, ಯಾವ ಹುಡುಗನೂ ಇಲ್ಲ, ಆ ಹಾಳೆಯಲ್ಲಿ ಇದ್ದವನು ನಾನೇ.

ಮೇಷ್ಟ್ರು ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡ್ತಾರೆ, ಮರಕೆಲಸದವನು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ, ಆದರೆ ಮರಕೆಲಸದವನ ಕೈಯಲ್ಲಿ ಕೊನೆಗೆ ಒಂದು ಕುರ್ಚಿಯಾದರೂ ಆಗುತ್ತೆ. ಅಂಕ ಎಲ್ಲರಿಗೂ ಬರುತ್ತೆ, ಕಾಲೇಜಿನವರು ಅಂಕ ನೋಡಿ ನೋಡಿ ಬೇಸತ್ತಿದಾರೆ, ಅವರಿಗೆ ಬೇಕಿರೋದು ಒಂದು ಗಾಯ, ಆ ಗಾಯದಿಂದ ನೀವೇನು ಕಲಿತಿರಿ ಅನ್ನೋದು, ಅಂತಿದಾರೆ, ಏಳು ಸಲ ತಿದ್ದಿಸಿದೀನಿ ಇವಳ ಕೈಯಲ್ಲಿ, ಈಗ ನೋಡಿ ಹೇಗೆ ಬಂದಿದೆ. ಏಳು ಸಲ. ಗಾಜಿನ ಮೇಲೆ ಕಟ್ಟರ್ ಎಳೆಯೋದು ಒಂದೇ ಸಲ, ಗೀರಿದ ಗೆರೆ ಮೇಲೆ ಮತ್ತೆ ಗೀರಿದರೆ ಗಾಜು ತನಗೆ ತೋಚಿದ ಕಡೆ ಸೀಳುತ್ತೆ, ಅಪ್ಪ ನನಗೆ ಕಲಿಸಿದ ಮೊದಲನೇ ಪಾಠ, ಶಾಲೆ ಬಿಟ್ಟ ಮಾರನೇ ದಿನ ನಾನು ಎದ್ದು ಮಾಡಿದ್ದು ಅದನ್ನೇ, ತಂಗೀ, ಅದನ್ನೂ ಬರೆದಿದೀಯಾ. ಮೇಷ್ಟ್ರು ಇವಳ ಪ್ರಬಂಧ ಓದತೊಡಗಿದರು, ದನಿ ಬದಲಾಯಿಸಿ, ನಾಟಕದವರ ಹಾಗೆ — ನನ್ನ ಅಣ್ಣ ಮುಖ್ಯೋಪಾಧ್ಯಾಯರ ಕಿಟಕಿಗೆ ಕಲ್ಲು ಹೊಡೆದಾಗ ನನಗೆ ಆರು ವರ್ಷ. ಉಳಿ ಜಾರಿ ಹೆಬ್ಬೆರಳಿಗೆ ತಗುಲಿತು, ರಕ್ತ ಬರಲಿಲ್ಲ. ನನ್ನ ಅಣ್ಣ ಹೊಡೆದಾಗ. ಹೊಡೆದವನು ನಾನಾ. ಹನ್ನೆರಡು ವರ್ಷ ನನಗೆ, ಊಟದ ಬಿಡುವು, ಕೊಳಾಯಿ ಹತ್ತಿರ ಬಾಯಿಗೆ ನೀರು ಹಿಡಿದಿದ್ದೆ, ಫಳ್ ಅಂತ ಸದ್ದಾಯ್ತು, ಓಡಿಬಂದರೆ ಅಂಗಳದಲ್ಲಿ ಇವಳೊಬ್ಬಳೇ, ಬಲಗೈ ಬೆನ್ನ ಹಿಂದೆ, ಪುಟ್ಟ ಮುಷ್ಟಿ ಬಿಗಿಯಾಗಿ ಮುಚ್ಚಿ, ಬೆರಳ ಸಂದಿಯಲ್ಲಿ ಇನ್ನೊಂದು ಕಲ್ಲಿನ ಬಿಳೀ ಅಂಚು. ಹಲ್ಲಿ ಓಡಿಸೋಕೆ ಹೊಡೆದಳೋ ಸುಮ್ಮನೆ ಹೊಡೆದಳೋ, ಕೇಳೋಕೆ ಹೊತ್ತೆಲ್ಲಿತ್ತು, ಹೆಡ್ ಮಾಸ್ಟರು ಬಂದೇಬಿಟ್ಟರು, ನಾನು ಇವಳ ಮುಂದೆ ಹೋಗಿ ನಿಂತೆ, ಅಷ್ಟೇ, ಬೇರೇನೂ ಮಾಡಲಿಲ್ಲ, ನನ್ನ ಕಿವಿ ಅವರ ಕೈಗೆ ಸಿಕ್ಕಿತು. ನಾನಲ್ಲ ಅನ್ನಲಿಲ್ಲ. ಅಪ್ಪ ಬಂದ, ಅಳತೆ ತಗೊಂಡ, ಹೊಸ ಗಾಜು ಹಾಕಿದ, ಹೆಡ್ ಮಾಸ್ಟರು ತಪ್ಪಾಯ್ತು ಅನ್ನಲಿ, ನಾಳೆಯಿಂದ ಬರಲಿ ಅಂದರು, ಅಪ್ಪನೂ, ತಪ್ಪಾಯ್ತು ಅನ್ನೋ, ಅಂದ, ಮಾಡದ್ದಕ್ಕೆ ತಪ್ಪಾಯ್ತು ಅನ್ನೋಕೆ ನಾಲಿಗೆ ಏಳಲಿಲ್ಲ, ಮಾಡಿದವಳ ಹೆಸರು ಹೇಳೋಕೂ ಏಳಲಿಲ್ಲ, ಹತ್ತು ದಿನ, ಇಪ್ಪತ್ತು ದಿನ, ಆಮೇಲೆ ಯಾರೂ ಅನ್ನೋ ಅನ್ನಲಿಲ್ಲ, ಕೈಗೆ ಕಟ್ಟರ್ ಬಂದಿತ್ತು.

ಆರು ವರ್ಷದ ಮಗು, ಮರೆತಿರುತ್ತೆ ಬಿಡು, ಎಲ್ಲರೂ ಅಣ್ಣ ಒಡೆದ ಅಣ್ಣ ಒಡೆದ ಅಂತ ಹನ್ನೊಂದು ವರ್ಷ ಹೇಳಿದರೆ ಅದಕ್ಕೂ ಹಾಗೇ ಅನ್ನಿಸಿರುತ್ತೆ — ಹೀಗಂತ ನನಗೆ ನಾನೇ ಹೇಳಿಕೊಳ್ತಾ ಹೊಸ ಗಾಜು ಎತ್ತಿದೆ, ಎರಡೂ ಅಂಗೈ ಮಧ್ಯೆ, ಗಾಜು ಬೆಳಕಿಗೆ ಓರೆಯಾಯ್ತು, ಅದರೊಳಗೆ ಇಡೀ ಕೋಣೆ, ಬೆಂಚು, ತಲೆಗಳು. ಮೇಷ್ಟ್ರು ಒಂದು ಕ್ಷಣ ತಡೆದು, ಈ ವಾಕ್ಯ ಕೇಳಿ ಮಕ್ಕಳೇ, ಇದೊಂದಕ್ಕೇ ಸೀಟು ಕೊಡಬೇಕು, ಅಂದರು. ಬಿಸಿಲಿಗೆ ಕಾದ ಕಲ್ಲು ಅವನ ಅಂಗೈಯಲ್ಲಿ ಬೆಚ್ಚಗಿತ್ತು, ಒಂದು ಕಡೆ ಚಪ್ಪಟೆ, ಒಂದು ಕಡೆ ಚೂಪು. ಬೆಚ್ಚಗಿತ್ತು. ಯಾರ ಅಂಗೈಯಲ್ಲಿ. ನನ್ನ ಅಂಗೈಯಲ್ಲಿ ಆವತ್ತು ಇದ್ದದ್ದು ಕೊಳಾಯಿ ನೀರು, ತಣ್ಣಗೆ. ಆ ಕಲ್ಲನ್ನ ನಾನು ಮುಟ್ಟಿಲ್ಲ, ಬೆಚ್ಚಗಿತ್ತೋ ಚಪ್ಪಟೆಯಿತ್ತೋ ನನಗೆ ಗೊತ್ತಿಲ್ಲ, ಈ ಭೂಮಿ ಮೇಲೆ ಅದು ಗೊತ್ತಿರೋ ಕೈ ಒಂದೇ. ಹಾಗಾದರೆ ಮರೆತಿಲ್ಲ. ಒಂದು ದಿನವೂ ಮರೆತಿಲ್ಲ. ಅಣ್ಣ, ಚಹಾ ತಗೋ ಅಂದಾಗ, ಅಣ್ಣ, ನನ್ನ ಅರ್ಜಿಗೆ ಸಹಿ ಹಾಕು ಅಂದಾಗ, ನನ್ನ ಸಹಿ ನೋಡಿ ಎಷ್ಟು ಚೆನ್ನಾಗಿ ಹಾಕ್ತೀಯ ಅಂದಾಗ, ಆಗೆಲ್ಲ ಗೊತ್ತಿತ್ತು. ನಗು ನಗುತ್ತಾ ಗೊತ್ತಿತ್ತು. ಹಲ್ಲು ಜುಮ್ಮೆಂದಿತು, ಗಾಜು ಚೌಕಟ್ಟಿನೊಳಗೆ ಕೂರಿಸಿದೆ, ನಾಲ್ಕು ಮೊಳೆ, ಒಂದೂ ಸೊಟ್ಟಗಾಗಲಿಲ್ಲ, ಹೊಸ ಪುಟ್ಟಿ ಹೆಬ್ಬೆರಳಲ್ಲಿ ಒತ್ತುತ್ತಾ ಹೋದೆ, ಕೆಲಸಕ್ಕೆ ಹೆಸರಿಡೋ ಹಾಗಿಲ್ಲ ಇವರು — ಮೇಷ್ಟ್ರು ಕೊನೇ ಸಾಲಿಗೆ ಬಂದಿದ್ದರು, ಕೋಪ ಮನುಷ್ಯನ ಬಾಗಿಲುಗಳನ್ನು ಹೇಗೆ ಮುಚ್ಚುತ್ತದೆ ಎಂಬುದನ್ನು ನಾನು ನನ್ನ ಅಣ್ಣನನ್ನು ನೋಡಿ ಕಲಿತೆ, ಚಪ್ಪಾಳೆ, ಚಪ್ಪಾಳೆ ಬೇರೆ.

ಸ್ಟೂಲಿಂದ ಇಳಿದೆ. ಮೇಷ್ಟ್ರು ಅಡ್ಡ ಬಂದರು, ಕಂಪ್ಯೂಟರಿನ ಮೇಲೆ ಒಂದು ಕೈ. ಅರ್ಜಿಗೆ ಇವತ್ತೇ ಕೊನೇ ದಿನ, ಕಳಿಸೋ ಮುಂಚೆ ಒಂದು ಮಾತು ಕೇಳಿಬಿಡ್ತೀನಿ, ಹೋದ ವರ್ಷ ಒಬ್ಬ ಹುಡುಗ, ಬದುಕಿದ್ದ ಅಜ್ಜಿಯನ್ನ ಪ್ರಬಂಧದಲ್ಲಿ ಸಾಯಿಸಿಬಿಟ್ಟಿದ್ದ, ಕಾಲೇಜಿನವರು ಮನೆಗೆ ಫೋನ್ ಮಾಡಿದರೆ ಅಜ್ಜಿಯೇ ಹಲೋ ಅಂದಳು, ಅರ್ಜಿ ಕಸದ ಬುಟ್ಟಿಗೆ ಹೋಯ್ತು, ಅಂದರು, ಎಲ್ಲರೂ ನಕ್ಕರು. ಆಮೇಲೆ ನಗದೆ ಕೇಳಿದರು. ಏನಪ್ಪಾ, ನಡೆದದ್ದು ಹೀಗೇ ತಾನೆ, ಕಲ್ಲು ಹೊಡೆದವನು ನೀನೇ ತಾನೆ. ಕೋಣೆ ಪೂರ್ತಿ ನನ್ನ ಬಾಯಿ ನೋಡ್ತಿದೆ. ಒಂದೇ ಮಾತು ಸಾಕು, ಅಲ್ಲ ಅಂದರೆ ಇವಳ ಓದಿಗೂ ಮಂಗಳ, ಹೌದು ಅಂದರೆ ಹನ್ನೊಂದು ವರ್ಷ ನುಂಗಿಕೊಂಡದ್ದನ್ನ ನನ್ನ ಬಾಯಿಂದಲೇ ಸುಳ್ಳು ಮಾಡಿದ ಹಾಗೆ. ಮೇಷ್ಟ್ರ ಮುಖ ನೋಡಲಿಲ್ಲ, ಈಗಷ್ಟೇ ಹಾಕಿದ ಗಾಜಿನ ಕಡೆ ತಿರುಗಿದೆ, ಅದರೊಳಗೆ ತಂಗಿ ಎದ್ದು ನಿಂತಿದ್ದಳು, ಹದಿನೇಳು ವರ್ಷದವಳು, ನೆಟ್ಟಗೆ, ನನ್ನನ್ನೇ ನೋಡ್ತಾ, ಬಲಗೈ ಬೆನ್ನ ಹಿಂದೆ. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿದೆ. ಹೊರಟೆ. ನೋಡಿದ್ರಾ ಮಕ್ಕಳೇ, ಅದೇ ಕೋಪ, ಬರೆದಿರೋ ಹಾಗೇ, ಅಕ್ಷರಶಃ, ಅಂದರು ಮೇಷ್ಟ್ರು ಹಿಂದಿನಿಂದ, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿದ ಸದ್ದು, ಸಣ್ಣದು, ಮೊಳೆ ತಲೆ ಮೇಲೆ ಸುತ್ತಿಗೆಯ ಕೊನೇ ಏಟಿನಷ್ಟು. ಅಣ್ಣ ಅಂತ ಯಾರೂ ಕರೆಯಲಿಲ್ಲ. ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಬಿಸಿಲು, ಚೀಲ ಭುಜ ಬದಲಾಯಿಸಿದೆ, ಮನೆಗೆ ಬರ್ತಾಳೆ, ಬಂದು ಏನು ಹೇಳ್ತಾಳೆ, ಏನೂ ಹೇಳಲ್ಲ, ನಾನೂ ಕೇಳಲ್ಲ, ಆವತ್ತೂ ಕೇಳಲಿಲ್ಲ, ಬೆನ್ನ ಹಿಂದೆ ಕೈ, ಪುಟ್ಟ ಮುಷ್ಟಿ, ಬೆರಳ ಸಂದಿಯಲ್ಲಿ ಬಿಳೀ ಅಂಚು, ಇನ್ನೂ ಹೊಡೆಯದ ಇನ್ನೊಂದು ಕಲ್ಲು, ಬೆಚ್ಚಗೆ —