ಬಾವಿ ಓಣಿಗೆ ನೀರು ಬಿಡುವ ದಿನ

ಬಣ್ಣದ ಹಂಡೆ ಕಾಯಿಸುವ ಮುಂಚೆ ಮಹಾದೇವಿಗೆ ಒಂದೇ ಒಂದು ಸಂಗತಿ ಗೊತ್ತಾಗಬೇಕಿತ್ತು: ಇವತ್ತು ನಳಕ್ಕೆ ನೀರು ಬರುತ್ತದೋ ಇಲ್ಲವೋ. ಬಣ್ಣ ಹೀರಿದ ನೂಲನ್ನು ಕೂಡಲೇ ಹೊಸ ನೀರಿನಲ್ಲಿ ಜಾಲಾಡದಿದ್ದರೆ ಕೆಂಪು ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಹೋದ ಸಲ ಹಾಗೇ ಆಗಿ, ಬನಹಟ್ಟಿಯ ಸೀರೆ ವ್ಯಾಪಾರಿ ನೂಲನ್ನು ವಾಪಸು ಕಳಿಸಿದ್ದ. ಇನ್ನೊಮ್ಮೆ ಕೆಟ್ಟರೆ ಅವಳಿಗೆ ಕೆಲಸವೇ ಕೊಡುವುದಿಲ್ಲ ಎಂದೂ ಹೇಳಿದ್ದ.

ಬನಹಟ್ಟಿಗೆ ಹತ್ತಿಕೊಂಡ ನಮ್ಮ ಸಣ್ಣ ಊರಿನಲ್ಲಿ ನೀರು ಬಿಡುವ ಅಧಿಕಾರ ಪಂಚಾಯಿತಿಯ ಪರಸಪ್ಪನದು. ಯಾವ ಓಣಿಗೆ ಯಾವತ್ತು ಎಂದು ಕೇಳಿದರೆ ಸಾಕು, ದೇಶದ ಗಡಿ ಕಾಯುವವನ ಮುಖ ಮಾಡುತ್ತಿದ್ದ.

"ಅದು ಕಚೇರಿ ಮಾಹಿತಿರಿ ಅಕ್ಕಾರ. ಹಂಗೆಲ್ಲ ಹೇಳಾಕ ಬರಂಗಿಲ್ಲ."

"ನೀರು ನಮ್ಮ ನಳಕ್ಕ ಬರೂದು, ಮಾಹಿತಿ ನಿಮ್ಮ ಕಪಾಟಿನಾಗೇನ್ರಿ?"

"ಎಲ್ಲಾರಿಗೂ ಗೊತ್ತಾದ್ರ ಎಲ್ಲಾರೂ ತುಂಬಿಕೊಂತಾರಲ್ರಿ!"

ತುಂಬಿಕೊಳ್ಳಲೆಂದಲ್ಲದೆ ಊರಿಗೆ ನಳ ಯಾಕೆ ಹಾಕಿಸಿದ್ದೋ, ಪರಸಪ್ಪನೇ ಬಲ್ಲ.

ಮಹಾದೇವಿಯ ಸಿಟ್ಟು ನೆತ್ತಿಗೇರಿತು. ಗ್ರಾಮಸಭೆಯಲ್ಲಿ ಎದ್ದು ನಿಂತು, ಇಲ್ಲಿತನಕ ನೀರು ಬಿಟ್ಟ ಲೆಕ್ಕವನ್ನೆಲ್ಲ ಓಣಿವಾರು ಪಂಚಾಯಿತಿ ಗೋಡೆಗೆ ಬರೆಸಿ, ಫೋನಿನಲ್ಲೂ ನೋಡುವ ಹಾಗೆ ಹಾಕಿ ಎಂದು ಪಟ್ಟು ಹಿಡಿದಳು. ಅಧ್ಯಕ್ಷೆ ಶೈಲಾ ಒಪ್ಪಿದರು. ಪರಸಪ್ಪ ಮಾತ್ರ ಹೊರಗೆ ಬಂದು ಪಿಸುಗುಟ್ಟಿದ: "ಬ್ಯಾಡ್ರಿ ಅಕ್ಕಾರ, ನಿಮ್ಮ ಓಣಿಗೇ ಛಲೋ ಅಲ್ಲ."

ಗೋಡೆಯ ಬರಹ ಒಣಗುವ ಮುಂಚೆಯೇ ಊರು ಕೂಡಿತು. ಉಳಿದ ಓಣಿಗಳಿಗಿಂತ ಇಮ್ಮಡಿ ನೀರು ಹೋಗಿದ್ದು ಮಹಾದೇವಿಯ ಬಾವಿ ಓಣಿಗೆ! ಕಾರಣ ಹುಡುಕಲು ಯಾರೂ ಬಾಗಲಕೋಟೆಗೆ ಹೋಗಬೇಕಾಗಲಿಲ್ಲ. ಪರಸಪ್ಪನ ಅತ್ತೆ ಶಂಕ್ರೆವ್ವ ಇರುವುದು ಮಹಾದೇವಿಯ ಪಕ್ಕದ ಮನೆಯಲ್ಲೇ. ಮುದುಕಿ ಫೋನು ಮಾಡಿದಾಗೆಲ್ಲ ಅಳಿಯ ವಾಲ್ವ್ ತಿರುವುತ್ತಿದ್ದ. ನೀರು ಯಾವಾಗ ಎಂಬುದು ಅವಳಿಗೆ ಮಾತ್ರ ಮೊದಲೇ ಗೊತ್ತು. ಓಣಿಯ ಉಳಿದವರು ನಳ ಸದ್ದು ಮಾಡಿದಾಗ ಕೊಡ ಹಿಡಿದು ಓಡುತ್ತಿದ್ದರು.

ಅಂದೇ ಪಾಳಿ ಗೊತ್ತು ಮಾಡಿದರು, ಎಲ್ಲ ಓಣಿಗೂ ಸಮ; ಮುಂದೆ ನೀರು ಬಿಡುವ ದಿನ, ವೇಳೆಯೂ ಗೋಡೆಗೆ, ಫೋನಿಗೆ ಬಂತು. ಬಾವಿ ಓಣಿಯ ನೀರು ಕಡಿಮೆಯಾಯಿತು. ಓಣಿಯವರು ಮಹಾದೇವಿಯ ಮೇಲೆ ಹಲ್ಲು ಮಸೆದರು. ಅವಳಿಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಗೋಡೆಯಲ್ಲಿ ಬಾವಿ ಓಣಿಗೆ ಬರೆದ ದಿನ ಬಂತು. ದೇವರ ಮೇಲೆ ಭಾರ ಹಾಕಿ ಅವಳು ನೂಲನ್ನು ಹಂಡೆಗೆ ಇಳಿಸಿದಳು. ಕೆಂಪು ಹತ್ತುವ ಹೊತ್ತಿಗೆ ಸರಿಯಾಗಿ ನೀರು ಬಂತು. ಜಾಲಾಡಿ ಹಗ್ಗಕ್ಕೆ ಹಾಕಿದ ನೂಲು ತುದಿಯಿಂದ ತುದಿಗೆ ಒಂದೇ ಬಣ್ಣ. ಮಹಾದೇವಿಗೆ ಕಣ್ಣು ತುಂಬಿ ಬಂತು.

ಪಕ್ಕದ ಕಟ್ಟೆಯಿಂದ ಶಂಕ್ರೆವ್ವ ಗೊಣಗಿದಳು: "ಇದ್ದ ನೀರು ಕಳದಿ ನೋಡು." ಆಮೇಲೆ ಹತ್ತಿರ ಬಂದು ದನಿ ಇಳಿಸಿದಳು. "ಇನ್ನ ಮುಂದ ಯಾವಾಗ ಬಿಡ್ತಾರ? ನನಗ ಓದಾಕ ಬರಂಗಿಲ್ಲ. ಅಳಿಯಾ ಫೋನ ಎತ್ತವಲ್ಲ. ಕಿವ್ಯಾಗ ಹೇಳಿಬಿಡು."

"ಕಿವ್ಯಾಗ ಯಾಕ ಬೇ, ಆಯಿ?" ಎಂದ ಮಹಾದೇವಿ ಫೋನು ತೆಗೆದು, ಓಣಿಯ ಕೊನೆಯ ಮನೆಗೂ ಕೇಳುವಂತೆ ದಿನ, ವೇಳೆ ಎಲ್ಲ ಕೂಗಿ ಓದಿದಳು.