ಬೇಡವೆಂದ ಕೈಗವಸು

ಚಂದ್ರನ ಮೇಲೆ ಮನುಷ್ಯ ಇಳಿದು ಐವತ್ತು ವರ್ಷವಾಯಿತೆಂದು ಅಮೆರಿಕದ ನಮ್ಮ ಡೋವರ್ ಊರಿನ ಚರ್ಚಿನಲ್ಲಿ ಊಟ ಇಟ್ಟಿದ್ದರು. ಆ ಯಾತ್ರಿಗಳ ಉಡುಪು ಹೊಲಿದ ಹೆಂಗಸರಲ್ಲಿ ನಾನೂ ಒಬ್ಬಳು.

ಕೋಳಿ ಬಡಿಸಿಕೊಳ್ಳುತ್ತಿದ್ದ ಅಳಿಯ ಡ್ವೇನ್ ಎಲ್ಲರೆದುರೇ ನಕ್ಕ. "ಅದೆಲ್ಲ ಸ್ಟುಡಿಯೋದಲ್ಲಿ ತೆಗೆದ ಸಿನಿಮಾ, ಅತ್ತೆ. ನಿಮ್ಮನ್ನೂ ಚೆನ್ನಾಗಿ ಯಾಮಾರಿಸಿದ್ರು."

ನನಗೆ ಮೈಯೆಲ್ಲ ಉರಿಯಿತು. ಚೀಲದಿಂದ ಹಳೆಯ ಕೈಗವಸೊಂದನ್ನು ತೆಗೆದು ಅವನ ತಟ್ಟೆಯ ಪಕ್ಕ ಇಟ್ಟೆ.

"ಹೆಬ್ಬೆರಳ ಹತ್ತಿರ ನೋಡು. ಒಂದು ಹೊಲಿಗೆ ಕೂದಲೆಳೆಯಷ್ಟು ಆಚೆ ಹೋಗಿದೆ. ಅಷ್ಟಕ್ಕೇ ತಪಾಸಣೆಯವನು ಬೇಡ ಅಂದ. ಇಂಥವು ಹನ್ನೊಂದು ಹೊಲಿದೆ, ಹನ್ನೊಂದನ್ನೂ ವಾಪಸ್ ಮಾಡಿದ. ಅಳುತ್ತಾ ಹನ್ನೆರಡನೇದು ಹೊಲಿದೆ."

"ಅದಕ್ಕೇನೀಗ?"

"ಸಿನಿಮಾಕ್ಕಾಗಿದ್ರೆ ಮೊದಲನೇದೇ ಸಾಕಾಗ್ತಿತ್ತು ಕಣಪ್ಪ."